ಒಂಟಿಯಾಗಿರುವ ಹಿರಿಯರ ಮನೆಗೆ ಹೋಗಿ ಬರುವುದು: ಕೊಡಗಿನ ಕ್ರೈಸ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೆಲಸ ಶುರು ಮಾಡಬೇಕು ಅಂದುಕೊಂಡವರು, ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದವರು, ಮನಸ್ಸಿದ್ದೂ ಸಂಕೋಚ ಪಡುವವರು ನಮ್ಮ ಚರ್ಚುಗಳಲ್ಲಿ ಕೇಳುವ ಪ್ರಶ್ನೆಗಳಿವು. ಕಥೋಲಿಕರು, ಸಿಎಸ್‌ಐ (ದಕ್ಷಿಣ ಭಾರತ ಸಭೆ)ನವರು, ಸಿರಿಯನ್ ಕ್ರೈಸ್ತರು, ಬೇರೆ ಸಭೆಗಳವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಉತ್ತರ ಬರೆದಿದ್ದೇನೆ.

ಇದು ಸಮಾಜಸೇವೆ ಅಲ್ವಾ? ವಿಶ್ವಾಸಕ್ಕೂ ಇದಕ್ಕೂ ಏನು ಸಂಬಂಧ?

ಯಾಕೋಬನ ಪತ್ರದ ಒಂದನೇ ಅಧ್ಯಾಯ, 27ನೇ ವಚನ ತೆಗೆದು ನೋಡಿ. ದೇವರು ಮೆಚ್ಚುವ ಭಕ್ತಿ ಯಾವುದು ಅಂತ ಅಲ್ಲಿ ನೇರವಾಗಿ ಹೇಳಿದೆ. ಕಷ್ಟದಲ್ಲಿರುವ ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳುವುದು ಒಂದು. ಲೋಕದ ಕೊಳೆ ಹತ್ತದ ಹಾಗೆ ತನ್ನನ್ನು ಕಾಪಾಡಿಕೊಳ್ಳುವುದು ಇನ್ನೊಂದು. ಎರಡನೆಯದರ ಬಗ್ಗೆ ನಾವು ಬೇಕಾದಷ್ಟು ಪ್ರಸಂಗ ಕೇಳಿದ್ದೇವೆ. ಮೊದಲನೆಯದಕ್ಕೆ ಚಪ್ಪಲಿ ಮೆಟ್ಟಿ ಮನೆಯಿಂದ ಹೊರಡಬೇಕು.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕೊನೆಯ ತೀರ್ಪಿನ ಬಗ್ಗೆ ಹೇಳುತ್ತಾರೆ. ಹಸಿದಿದ್ದೆ, ಊಟ ಕೊಟ್ಟಿರಿ. ಸೆರೆಯಲ್ಲಿದ್ದೆ, ನನ್ನ ಬಳಿಗೆ ಬಂದಿರಿ. ಸೆರೆಯಿಂದ ಬಿಡಿಸಿದಿರಿ ಅಂತ ಅಲ್ಲಿಲ್ಲ. ಬಂದಿರಿ ಅಂತ ಮಾತ್ರ ಇದೆ. ನಮ್ಮ ಕೈಲಿ ಸರಿ ಮಾಡಲಾಗದ ಕಷ್ಟಗಳ ಮುಂದೆ ನಿಂತಾಗ ಈ ಮಾತು ನನಗೆ ತುಂಬ ಧೈರ್ಯ ಕೊಟ್ಟಿದೆ. ಎಂಬತ್ತೈದು ವರ್ಷದವರ ಮಂಡಿನೋವನ್ನು ನಾವು ವಾಸಿ ಮಾಡಲಾರೆವು. ತೀರಿಹೋದ ಗಂಡನನ್ನು ವಾಪಸ್ ತರಲಾರೆವು. ಹೋಗಿ ಪಕ್ಕದಲ್ಲಿ ಕೂರುವುದು ಮಾತ್ರ ನಮ್ಮ ಕೈಯಲ್ಲಿದೆ, ದೇವರು ಕೇಳುತ್ತಿರುವುದೂ ಅದನ್ನೇ.

ಇನ್ನೊಂದು ವಚನ ಯೆಶಾಯ 46:4. ನಿಮ್ಮ ತಲೆ ನರೆತ ಮೇಲೂ ನಾನೇ ನಿಮ್ಮನ್ನು ಹೊರುತ್ತೇನೆ ಅಂತ ದೇವರು ಮಾತು ಕೊಟ್ಟಿದ್ದಾರೆ. ತೋಟದ ಮೂಲೆಯ ಮನೆಯಲ್ಲಿ ಒಬ್ಬರೇ ಕುಳಿತ ಅಜ್ಜಿಗೆ ಆ ಮಾತು ಉಳಿದಿದೆ ಅಂತ ತಿಳಿಯುವುದು ಹೇಗೆ? ಹೇಳಿದ ದಿನಕ್ಕೆ ಯಾರೋ ಗೇಟು ತೆಗೆದುಕೊಂಡು ಒಳಗೆ ಬಂದಾಗ.

ಕೊಡಗಿನಲ್ಲಿ ಅಂಥವರು ಅಷ್ಟೊಂದು ಜನ ಇದ್ದಾರಾ? ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಅಲ್ವಾ?

ಗೊತ್ತಿರುವುದು ಬೇರೆ, ಹೋಗಿ ಬರುವುದು ಬೇರೆ. ಕೊಡಗು ರಾಜ್ಯದಲ್ಲೇ ಅತಿ ಕಡಿಮೆ ಜನ ಇರುವ ಜಿಲ್ಲೆ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯಲ್ಲಿ ಇದ್ದವರು 5,54,519 ಜನ. ಬಯಲುಸೀಮೆಯ ಊರುಗಳ ಹಾಗೆ ಇಲ್ಲಿ ಮನೆಗೆ ಮನೆ ಅಂಟಿಕೊಂಡಿಲ್ಲ. ನಡುವೆ ತೋಟ, ಗದ್ದೆ, ಏರು, ಇಳಿಜಾರು. ಪಕ್ಕದ ಮನೆಯವರ ದೀಪ ಕಾಣುತ್ತದೆ, ಕೂಗಿದರೆ ಕೇಳುವುದಿಲ್ಲ.

ಮಕ್ಕಳು ಬೆಂಗಳೂರು, ಮೈಸೂರು, ಗಲ್ಫ್ ಅಂತ ಹೋಗಿದ್ದಾರೆ. ದೊಡ್ಡ ಮನೆಯ ಒಂದು ಕೋಣೆಯಲ್ಲಿ ಮಾತ್ರ ದೀಪ ಹಚ್ಚಿಕೊಂಡು ಬದುಕುವ ಹಿರಿಯರು ಸೋಮವಾರಪೇಟೆಯಲ್ಲೂ ಇದ್ದಾರೆ, ಗೋಣಿಕೊಪ್ಪದಲ್ಲೂ ಇದ್ದಾರೆ. ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಗಳ ಕಥೆ ಬೇರೆ. ಅಲ್ಲಿ ಸುತ್ತ ಜನ ಇದ್ದಾರೆ, ಆದರೆ ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಬೆಳಗ್ಗೆ ಎಂಟಕ್ಕೆ ಎಲ್ಲರೂ ತೋಟಕ್ಕೆ ಹೋದರೆ ಸಂಜೆವರೆಗೆ ಸಾಲಿಡೀ ಖಾಲಿ. ಉಳಿಯುವುದು ವಯಸ್ಸಾದವರು, ಕೋಳಿ, ನಾಯಿ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡು ಜಂಬೂರು, ಕರ್ಣಂಗೇರಿಯ ಪುನರ್ವಸತಿ ಮನೆಗಳಿಗೆ ಬಂದ ಹಿರಿಯರನ್ನೂ ನೆನಪಿಡಿ. ಅವರಿಗೆ ಸೂರು ಸಿಕ್ಕಿತು. ಐವತ್ತು ವರ್ಷ ಬೇಲಿಯಾಚೆಯಿಂದ ಮಾತಾಡಿದ ನೆರೆಯವರು ಚದುರಿಹೋದರು.

ಒಂಟಿತನ ಬರೀ ಬೇಜಾರಿನ ವಿಷಯವೂ ಅಲ್ಲ. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರನ್ನು ಅದು ಕಾಡುತ್ತಿದೆ, ಹೃದಯದ ಕಾಯಿಲೆಗೂ ಪಾರ್ಶ್ವವಾಯುವಿಗೂ ದಾರಿ ಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಹೇಳಿದೆ.

ಯಾರ ಮನೆಗೆ ಹೋಗಬೇಕು ಅಂತ ಹೇಗೆ ತಿಳಿಯುವುದು?

ಚರ್ಚಿನ ಬೆಂಚುಗಳನ್ನು ನೋಡಿ. ಕಳೆದ ವರ್ಷ ಅಲ್ಲಿ ಕೂರುತ್ತಿದ್ದವರು ಈಗ ಯಾಕೆ ಬರುತ್ತಿಲ್ಲ ಅಂತ ಕೇಳಿ. ಫಾದರ್ ಹತ್ತಿರ, ಸಭಾಪಾಲಕರ ಹತ್ತಿರ ಕಾಯಿಲೆಯವರ ಪಟ್ಟಿ ಇರುತ್ತದೆ. ಆದರೆ ಆ ಪಟ್ಟಿಗೆ ಸೇರದವರ ಬಗ್ಗೆ ಜಾಸ್ತಿ ಗೊತ್ತಿರುವುದು ಆಶಾ ಕಾರ್ಯಕರ್ತೆಗೆ, ಪೋಸ್ಟ್‌ಮ್ಯಾನ್‌ಗೆ, ನ್ಯಾಯಬೆಲೆ ಅಂಗಡಿಯವರಿಗೆ. ರೇಷನ್ ತರಲು ಬೇರೆ ಯಾರನ್ನೋ ಕಳಿಸುತ್ತಿದ್ದಾರೆ ಅಂದರೆ ನಡೆಯಲು ಆಗುತ್ತಿಲ್ಲ ಅಂತ ಅರ್ಥ.

ಮೊದಲ ಸಲ ಹೋಗುವಾಗ ಅವರಿಗೆ ಪರಿಚಯ ಇರುವವರ ಜೊತೆ ಹೋಗಿ. ಹೇಳದೆ ಕೇಳದೆ ಗುಂಪಾಗಿ ನುಗ್ಗಬೇಡಿ. ಬರುವುದು ಬೇಡ ಅಂದರೆ ಬೇಡ. ಕೆಲವರಿಗೆ ಒಬ್ಬರೇ ಇರುವುದೇ ಇಷ್ಟ, ಅದು ಅವರ ಹಕ್ಕು.

ಒಬ್ಬರೇ ಹೋಗಬಹುದಾ?

ಇಬ್ಬರು ಹೋಗುವುದೇ ಒಳ್ಳೆಯದು. ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದರು ಅಂತ ಮಾರ್ಕ 6:7ರಲ್ಲಿದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರೂ, 1921ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಲೀಜನ್ ಆಫ್ ಮೇರಿಯವರೂ ಇವತ್ತಿಗೂ ಜೋಡಿಯಾಗಿಯೇ ಮನೆಗಳಿಗೆ ಹೋಗುತ್ತಾರೆ. ಇದರಲ್ಲಿ ಇಬ್ಬರಿಗೂ ರಕ್ಷಣೆ ಇದೆ. ನಾಳೆ ಒಂದು ವಸ್ತು ಕಾಣೆಯಾದರೆ, ಮಾತು ತಪ್ಪಾಗಿ ಹರಡಿದರೆ, ಜೊತೆಗಿದ್ದವರು ಸಾಕ್ಷಿ. ಹೆಂಗಸರು ಒಬ್ಬರೇ ಇರುವ ಮನೆಗೆ ಒಬ್ಬ ಹೆಂಗಸಾದರೂ ಜೊತೆಗಿರಲಿ.

ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಹೋಗುತ್ತಾರೆ, ದಿನ ತಪ್ಪುವುದಿಲ್ಲ. ನನಗೆ ಇದೇ ದೊಡ್ಡ ಲಾಭವಾಗಿ ಕಾಣುತ್ತದೆ.

ಎಷ್ಟು ದಿನಕ್ಕೊಮ್ಮೆ ಹೋಗಬೇಕು? ಎಷ್ಟು ಹೊತ್ತು ಇರಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯ ಇದ್ದರೆ ಇದನ್ನು ಓದಿ. ವಾರಕ್ಕೊಮ್ಮೆಯಾದರೂ ಸರಿ, ತಿಂಗಳಿಗೊಮ್ಮೆಯಾದರೂ ಸರಿ. ದಿನ ಒಂದೇ ಇರಲಿ, ಗಂಟೆ ಒಂದೇ ಇರಲಿ, ಹೇಳಿದ ದಿನ ತಪ್ಪಬೇಡಿ.

ಸಿದ್ದಾಪುರದ ಕಡೆ ಒಂದು ಲೈನ್ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರನ್ನು ನೋಡಲು ಚರ್ಚಿನಿಂದ ಇಬ್ಬರು ಗುರುವಾರ ಹೋಗುತ್ತಾರೆ. ಅಜ್ಜಿ ಬುಧವಾರ ಸಂಜೆಯೇ ನೀಲಿ ಪ್ಲಾಸ್ಟಿಕ್ ಕುರ್ಚಿ ಒರೆಸಿ ಜಗಲಿಯಲ್ಲಿ ತಂದಿಡುತ್ತಾರೆ. ಗುರುವಾರ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆ ಉಟ್ಟು, ಬೆಲ್ಲದ ಕಾಫಿ ಕಾಯಿಸಿ, ಲೋಟದ ಮೇಲೆ ತಟ್ಟೆ ಮುಚ್ಚಿ ಕಾಯುತ್ತಾರೆ. ಮೊದಲು ಒಲೆಯೇ ಹಚ್ಚದೆ ಮಲಗಿರುತ್ತಿದ್ದ ದಿನಗಳೂ ಇದ್ದವಂತೆ, ಪಕ್ಕದ ಮನೆಯವರು ಹೇಳಿದ್ದು. ಆ ಇಬ್ಬರು ಕೂರುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಆದರೆ ಬುಧವಾರದಿಂದಲೇ ಅಜ್ಜಿಯ ಮನೆಯಲ್ಲಿ ಓಡಾಟ ಶುರು.

ಹಾಗಾಗಿ ಹೇಳಿ ಹೋಗದಿದ್ದರೆ ಆಗುವ ನೋವೂ ಅಷ್ಟೇ ದೊಡ್ಡದು. ಹೋಗಲು ಆಗುವುದಿಲ್ಲ ಅಂತಾದರೆ ಫೋನ್ ಮಾಡಿ, ಫೋನ್ ಇಲ್ಲದಿದ್ದರೆ ಯಾರ ಕೈಯಲ್ಲಾದರೂ ಹೇಳಿ ಕಳಿಸಿ. ಹೊರಡುವಾಗ "ಮತ್ತೆ ಬರ್ತೇವೆ" ಅನ್ನಬೇಡಿ. "ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಬರ್ತೇವೆ" ಅನ್ನಿ. ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕಣ್ಣ ಮುಂದೆಯೇ ಗುರುತು ಹಾಕಿ. ಹತ್ತು ಮನೆಗೆ ಒಮ್ಮೊಮ್ಮೆ ಹೋಗುವುದಕ್ಕಿಂತ ಒಂದೇ ಮನೆಗೆ ವರ್ಷವಿಡೀ ಹೋಗುವುದು ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹೋದ ಮೇಲೆ ಏನು ಮಾತಾಡುವುದು? ಐದು ನಿಮಿಷಕ್ಕೆ ಮಾತು ಮುಗಿದುಹೋಗುತ್ತದೆ.

ಕೊಡಗಿನಲ್ಲಿ ಮಾತು ಶುರು ಮಾಡುವುದು ಕಷ್ಟವಲ್ಲ. "ನಿಮ್ಮಲ್ಲಿ ಎಷ್ಟು ಸೆಂಟ್ ಮಳೆ ಆಯ್ತು?" ಅಂತ ಕೇಳಿ (ನೂರು ಸೆಂಟ್ ಅಂದರೆ ಒಂದು ಇಂಚು). ತೋಟದಲ್ಲಿ ಬದುಕಿದ ಹಿರಿಯರು ಅಲ್ಲಿಂದ ಹಿಡಿದು ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ, ಕಾಫಿ ಬೆಲೆ ಬಿದ್ದ ವರ್ಷ, ಮಗಳ ಮದುವೆ ಆದ ವರ್ಷದವರೆಗೆ ಹೋಗುತ್ತಾರೆ. ಸುಂಟಿಕೊಪ್ಪ ಹತ್ತಿರ ನಿವೃತ್ತರಾದ ಒಬ್ಬ ತೋಟದ ರೈಟರ್ (ಲೆಕ್ಕ ಬರೆಯುವವರು) ಇದ್ದಾರೆ. ಹಳೆಯ ಡೈರಿಗಳಲ್ಲಿ ಪ್ರತಿ ದಿನದ ಮಳೆ ಬರೆದಿಟ್ಟಿದ್ದಾರೆ, ಇಂಚು ಒಂದು ಕಡೆ, ಸೆಂಟ್ ಒಂದು ಕಡೆ, ಕೆಂಪು ಶಾಯಿಯಲ್ಲಿ. ಹೆಂಡತಿ ತೀರಿಹೋದ ದಿನದ ಸಾಲಿನಲ್ಲೂ ಮಳೆಯ ಲೆಕ್ಕ ಮಾತ್ರ ಇದೆ. ಆ ಡೈರಿ ತೆಗೆದು ಕೊಟ್ಟರೆ ಸಾಕು, ಆ ದಿನದ ಮಿಕ್ಕ ಕಥೆಯನ್ನು ಅವರೇ ಹೇಳುತ್ತಾರೆ.

ಕೊಡಗಿನ "ಶಕ್ತಿ" ದಿನಪತ್ರಿಕೆ ಓದಿ ಹೇಳುವುದು ಇನ್ನೊಂದು ಒಳ್ಳೆಯ ಕೆಲಸ. ಕಣ್ಣು ಮಂಜಾದವರಿಗೆ ಊರಿನ ಸುದ್ದಿ ತಪ್ಪಿಹೋಗಿರುತ್ತದೆ. ತುಂಬ ಜನ ಮೊದಲು ನಿಧನದ ಸುದ್ದಿ ಓದಿ ಅನ್ನುತ್ತಾರೆ. ಅದನ್ನು ತಪ್ಪಿಸಿ ಬೇರೆ ಪುಟಕ್ಕೆ ಹಾರಬೇಡಿ. ತಮ್ಮ ಜೊತೆ ಶಾಲೆಗೆ ಹೋದವರು, ತೋಟದಲ್ಲಿ ದುಡಿದವರು ಯಾರು ಹೋದರು ಅಂತ ತಿಳಿಯುವ ಆಸೆ ಅವರಿಗಿರುತ್ತದೆ, ಆ ದುಃಖವನ್ನು ಯಾರ ಜೊತೆಗಾದರೂ ಹಂಚಿಕೊಳ್ಳಬೇಕು. ಮಡಿಕೇರಿ ಆಕಾಶವಾಣಿಯನ್ನು ಜೊತೆಯಲ್ಲಿ ಕೇಳುವುದೂ ಭೇಟಿಯೇ.

ಕರೆಯುವ ರೀತಿ ಮುಖ್ಯ. ಊರೆಲ್ಲ "ಟೀಚರ್" ಅಂತ ಕರೆದವರನ್ನು ನೀವು "ಅಜ್ಜಿ" ಅಂದರೆ ಅವರಿಗೆ ಒಳಗೊಳಗೇ ಚುಚ್ಚಬಹುದು. ಸೈನ್ಯದಿಂದ ಬಂದವರನ್ನು ಸುಬೇದಾರರೇ ಅನ್ನಿ. ಮಲಯಾಳಿ ಕ್ರೈಸ್ತರ ಮನೆಯಲ್ಲಿ ಅಮ್ಮಚ್ಚಿ ಅಂದರೆ ಮುಖ ಅರಳುತ್ತದೆ. ಏಕವಚನ ಬೇಡವೇ ಬೇಡ. ಮಗುವಿಗೆ ಹೇಳುವ ಹಾಗೆ ರಾಗ ಎಳೆದು ಮಾತಾಡುವುದೂ ಬೇಡ.

ಮಾತು ನಿಂತರೆ ನಿಲ್ಲಲಿ. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೇ. ಬಾಯಿ ತೆರೆದು ಉಪದೇಶ ಶುರು ಮಾಡಿದ ಮೇಲೆ ಎಲ್ಲ ಕೆಟ್ಟಿತು.

ಕಿವಿ ಕೇಳುವುದಿಲ್ಲ, ಮರೆವೂ ಇದೆ. ಹೋಗಿ ಪ್ರಯೋಜನ ಇದೆಯಾ?

ಇದೆ. ಕಿವಿ ಮಂದ ಇರುವವರ ಎದುರು, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಕೂರಿ. ಕಿರುಚಬೇಡಿ, ನಿಧಾನವಾಗಿ, ಸ್ವಲ್ಪ ದಪ್ಪ ದನಿಯಲ್ಲಿ ಹೇಳಿ. ವಯಸ್ಸಾದಾಗ ಮೊದಲು ಹೋಗುವುದು ಕೀರಲು ದನಿಯನ್ನು ಕೇಳುವ ಶಕ್ತಿ. ಟಿವಿ ಆರಿಸಲು ಅನುಮತಿ ಕೇಳಿ.

ಮರೆವಿನ ಕಾಯಿಲೆ ಇರುವವರು ಒಂದೇ ಪ್ರಶ್ನೆ ಹತ್ತು ಸಲ ಕೇಳಬಹುದು. ಹತ್ತೂ ಸಲ ಮೊದಲ ಸಲದ ಹಾಗೆ ಉತ್ತರ ಕೊಡಿ. "ನನ್ನ ಹೆಸರು ನೆನಪಿದೆಯಾ?" ಅಂತ ಪರೀಕ್ಷೆ ಮಾಡಬೇಡಿ, ನೀವೇ ಹೆಸರು ಹೇಳಿ. ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆ, ಹಾಡು ಎಷ್ಟೋ ಜನರಲ್ಲಿ ಕೊನೆಯವರೆಗೂ ಉಳಿಯುತ್ತವೆ. ಮಗನ ಹೆಸರು ಮರೆತವರೂ ಜಪಸರದ ಮಣಿ ಬೆರಳಿಗೆ ಸಿಕ್ಕಿದರೆ ಪ್ರಾರ್ಥನೆಯನ್ನು ಪೂರ್ತಿ ಹೇಳುವುದುಂಟು. ಕೊಂಕಣಿಯಲ್ಲಿ ಕಲಿತವರ ಜೊತೆ ಕೊಂಕಣಿಯಲ್ಲಿ, ತಮಿಳಿನವರ ಜೊತೆ ತಮಿಳಿನಲ್ಲಿ ಹೇಳುವವರನ್ನು ಕರೆದುಕೊಂಡು ಹೋಗಿ.

ಒಂದು ಎಚ್ಚರಿಕೆ. ಹೋದ ವಾರ ಚೆನ್ನಾಗಿದ್ದವರು ಈ ವಾರ ಇದ್ದಕ್ಕಿದ್ದ ಹಾಗೆ ತಬ್ಬಿಬ್ಬಾಗಿ ಮಾತಾಡುತ್ತಿದ್ದರೆ ವಯಸ್ಸಿನ ಮರೆವು ಅಂತ ಬಿಡಬೇಡಿ. ಮೂತ್ರದ ಸೋಂಕು, ನೀರಿನ ಕೊರತೆ, ಮಾತ್ರೆಯ ಹೆಚ್ಚುಕಡಿಮೆಯಿಂದಲೂ ಹಾಗಾಗುತ್ತದೆ. ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಕೈಯಲ್ಲಿ ಏನಾದರೂ ತೆಗೆದುಕೊಂಡು ಹೋಗಬೇಕಾ?

ಬೇಕೇ ಬೇಕು ಅಂತಿಲ್ಲ. ಲೀಜನ್ ಆಫ್ ಮೇರಿಯವರಿಗೆ ಹಣ, ಸಾಮಾನು ಕೊಡುವುದಕ್ಕೆ ನಿಯಮವೇ ಬಿಡುವುದಿಲ್ಲ. ವಿನ್ಸೆಂಟ್ ದೆ ಪೌಲ್ ಸಭೆಯವರು ಅಕ್ಕಿ, ಔಷಧಿ, ಮನೆ ರಿಪೇರಿ ಎಲ್ಲ ಮಾಡುತ್ತಾರೆ. ಎರಡಕ್ಕೂ ಕಾರಣ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಕೆಲವು ಸಲ ಬರಿಗೈಯಲ್ಲೇ ಹೋಗಿ. ಇಲ್ಲದಿದ್ದರೆ ಹಿರಿಯರ ಕಣ್ಣು ನಿಮ್ಮ ಚೀಲದ ಮೇಲೆ, ನಿಮ್ಮ ಮನಸ್ಸು ಕೊಡುವುದರ ಮೇಲೆ ಹೋಗುತ್ತದೆ.

ಆಮೇಲೆ ಬೇಕಾದದ್ದು ಕಣ್ಣಿಗೆ ಬೀಳುತ್ತದೆ. ಟಾರ್ಚಿಗೆ ಬ್ಯಾಟರಿ, ಮೇಣದಬತ್ತಿ, ಬೆಂಕಿಪೊಟ್ಟಣ, ಮೆತ್ತಗಿನ ಬಾಳೆಹಣ್ಣು, ಒಂದು ಕನ್ನಡಕದ ರಿಪೇರಿ. ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳದೆ ಕ್ರಿಸ್‌ಮಸ್ ಕೇಕು, ಕುಸ್ವಾರ್ ಅನ್ನುವ ಹಬ್ಬದ ಸಿಹಿತಿಂಡಿ ಕೊಡಬೇಡಿ.

ಅವರು ಕೊಟ್ಟದ್ದನ್ನು ಮಾತ್ರ ತಪ್ಪದೆ ತೆಗೆದುಕೊಳ್ಳಿ. ಅರ್ಧ ಲೋಟ ಕಾಫಿ, ಹಿತ್ತಲಿನ ನಾಲ್ಕು ಕಿತ್ತಳೆ, ಒಂದು ಹಿಡಿ ಕಾಳುಮೆಣಸು. ತೆಗೆದುಕೊಳ್ಳುವುದಷ್ಟೇ ತಮ್ಮ ಪಾಲು ಅಂತ ಆದವರಿಗೆ ಕೊಡುವ ಅವಕಾಶ ಸಿಕ್ಕುವುದು ದೊಡ್ಡ ವಿಷಯ.

ಪ್ರತಿ ಸಲ ಪ್ರಾರ್ಥನೆ ಮಾಡಬೇಕಾ?

ಕೇಳಿ ಮಾಡಿ. "ಒಂದು ಚಿಕ್ಕ ಪ್ರಾರ್ಥನೆ ಮಾಡೋಣವಾ?" ಅಂದರೆ ಸಾಕು. ಬೇಡ ಅಂದವರ ಮೇಲೆ ಬೇಸರ ಬೇಡ. ಮಕ್ಕಳನ್ನು ಕಳೆದುಕೊಂಡು ದೇವರ ಮೇಲೆ ಸಿಟ್ಟಾಗಿರುವ ಹಿರಿಯರಿದ್ದಾರೆ. ಅವರಿಗೆ 71ನೇ ಕೀರ್ತನೆ ಸಲ್ಲುತ್ತದೆ, ಮುಪ್ಪಿನಲ್ಲಿ ನನ್ನನ್ನು ತಳ್ಳಬೇಡ, ಬಲ ಕುಂದಿದಾಗ ಕೈಬಿಡಬೇಡ ಅನ್ನುವ ಕೂಗು ಅದು. ಸಿಟ್ಟಿನಲ್ಲಿರುವವರೂ ಅದನ್ನು ಓದಬಹುದು. ಉದ್ದುದ್ದ ಪ್ರಾರ್ಥನೆ ಬೇಡ, ಅವರ ಹೆಸರು ಹಿಡಿದು, ಅವರು ಅವತ್ತು ಹೇಳಿದ ಕಷ್ಟ ಹಿಡಿದು ನಾಲ್ಕು ಮಾತು.

ಕಥೋಲಿಕರಲ್ಲಿ ಪರಮಪ್ರಸಾದ ಬೇಕು ಅಂದರೆ ಫಾದರ್‌ಗೆ ತಿಳಿಸಿ. ಮನೆಗೆ ಒಯ್ಯುವುದು ಫಾದರ್ ಅಥವಾ ಅದಕ್ಕೆ ನೇಮಕವಾದವರ ಕೆಲಸ. ಅನೇಕ ಕಡೆ ತಿಂಗಳ ಮೊದಲ ಶುಕ್ರವಾರ ಇದು ನಡೆಯುತ್ತದೆ. ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಸಾಯುವ ಗಳಿಗೆಗೆ ಮಾತ್ರ ಅಂತ ಹಿರಿಯರು ಹೆದರುತ್ತಾರೆ. ಹಾಗಲ್ಲ, ಕಾಯಿಲೆಯವರಿಗಾಗಿ ಇರುವುದು ಅದು, ಯಾಕೋಬ 5:14ರಲ್ಲಿ ಇದೆ ಅಂತ ತಿಳಿಸಿ ಹೇಳಿ.

ಬೇರೆ ಧರ್ಮದ ಹಿರಿಯರ ಮನೆಗೆ ಹೋಗಬಹುದಾ? ಮತಾಂತರಕ್ಕೆ ಬಂದರು ಅಂತ ಅಂದುಕೊಂಡರೆ?

ಹೋಗಬಹುದು, ಹೋಗಬೇಕು. ಆದರೆ ಮನಸ್ಸು ಶುದ್ಧ ಇಟ್ಟುಕೊಂಡು ಹೋಗಬೇಕು. ಪ್ರೀತಿಯನ್ನು ಗಾಳಕ್ಕೆ ಸಿಕ್ಕಿಸಿದ ಹುಳುವಿನ ಹಾಗೆ ಬಳಸಿದರೆ ಅದು ಪ್ರೀತಿಯೇ ಅಲ್ಲ. ಕರಪತ್ರ ಬೇಡ. ಅವರು ಕೇಳದೆ ಪ್ರಾರ್ಥನೆ ಬೇಡ. ಅವರ ದೇವರ ಕೋಣೆಯ ಮುಂದೆ ಗೌರವದಿಂದ ಇರಿ. ಕೊಡವರ ಮನೆಯಾದರೆ ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡುವ ಅಲ್ಲಿನ ರೂಢಿ ನಿಮಗೂ ಗೊತ್ತೇ ಇದೆ. ಮನೆಯವರಿಗೆ, ದೂರದಲ್ಲಿರುವ ಮಕ್ಕಳಿಗೆ ನೀವು ಯಾರು, ಯಾವ ಚರ್ಚಿನವರು ಅಂತ ಮೊದಲೇ ಹೇಳಿ. ಮುಚ್ಚುಮರೆ ಇಲ್ಲದ ಕಡೆ ಅನುಮಾನ ಹೆಚ್ಚು ದಿನ ಉಳಿಯುವುದಿಲ್ಲ.

ನಮ್ಮದೇ ಇತಿಹಾಸ ನೆನಪಿಸಿಕೊಳ್ಳಿ. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಆಶ್ರಯ ಕೊಟ್ಟವರು ಕೊಡಗನ್ನು ಆಳಿದ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಲ್ಲಿ ಶುರುವಾದದ್ದು ಆ ರಾಜ ಕೊಟ್ಟ ಜಾಗದಲ್ಲಿ. ಅವರು ನಮ್ಮ ಧರ್ಮದವರಲ್ಲ. ಆಶ್ರಯ ಕೊಡುವಾಗ ನಿಮ್ಮ ಧರ್ಮ ಬಿಡಿ ಅಂತಲೂ ಅನ್ನಲಿಲ್ಲ. ಆ ಋಣ ಕೊಡಗಿನ ಕ್ರೈಸ್ತರ ಮೇಲಿದೆ, ಪಕ್ಕದ ಮನೆಯ ಕೊಡವ ಅಜ್ಜ, ಗೌಡರ ಅಜ್ಜಿ, ಬ್ಯಾರಿ ತಾತ, ಹಾಡಿಯ ಯರವ ಹಿರಿಯರು, ಇವರೆಲ್ಲರ ಬಾಗಿಲಿಗೆ ಹೋಗಲು ಅಷ್ಟೇ ಕಾರಣ ಸಾಕು.

ಮಳೆಗಾಲದಲ್ಲಿ, ಆನೆ ಇರುವ ಕಡೆ ಹೋಗುವುದು ಹೇಗೆ?

ಸಿದ್ದಾಪುರ, ಅಮ್ಮತ್ತಿ, ಚೆಟ್ಟಳ್ಳಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯಿಂದ ಬರುವವರಿಗೆ ಹೇಳುತ್ತೇನೆ: ಬೆಳಗ್ಗೆ ಹತ್ತರ ಮೇಲೆ ಹೋಗಿ, ಸಂಜೆ ನಾಲ್ಕರೊಳಗೆ ವಾಪಸ್ ಹೊರಡಿ. ಹಲಸು ಹಣ್ಣಾಗುವ ಕಾಲದಲ್ಲಿ ತೋಟದ ಒಳದಾರಿ ಬಿಡಿ. ಹೊರಡುವ ಮೊದಲು ತೋಟದವರಿಗೆ ಫೋನ್ ಮಾಡಿ ಆನೆ ಎಲ್ಲಿದೆ ಅಂತ ಕೇಳಿ. ಅವತ್ತು ಹೋಗಲಾಗದಿದ್ದರೆ ಮನೆಗೆ ಹೇಳಿ ಕಳಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಮೊಬೈಲ್ ಚಾರ್ಜ್ ಇರುವುದಿಲ್ಲ, ದಾರಿಗೆ ಮರ ಬಿದ್ದಿರುತ್ತದೆ. ಮೇ ತಿಂಗಳಲ್ಲೇ ಆ ಮನೆಯ ಹೆಂಚು ಸೋರುತ್ತಾ, ಸೌದೆ ಒಳಗೆ ಬಂತಾ, ಒಂದು ತಿಂಗಳ ಮಾತ್ರೆ ಇದೆಯಾ, ಮನೆಯ ಹಿಂದಿನ ಬರೆ (ಮಣ್ಣಿನ ದಿಬ್ಬ) ಕುಸಿಯುವ ಹಾಗಿದೆಯಾ ಅಂತ ನೋಡಿ. ತುರ್ತಿಗೆ ಕರೆಯಬೇಕಾದ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, 108 ಸೇರಿಸಿ.

ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವನ್ನು ಜಾರಿಗೆ ತಂದರು. ಅದು ಜುಲೈನ ನಾಲ್ಕನೇ ಭಾನುವಾರ. ಯೇಸುಸ್ವಾಮಿಯ ಅಜ್ಜ ಅಜ್ಜಿ ಅಂತ ಪರಂಪರೆ ಹೇಳುವ ಸಂತ ಜೋಕಿಮ್, ಸಂತ ಅನ್ನಮ್ಮನವರ ಹಬ್ಬ ಜುಲೈ 26ಕ್ಕೆ ಬರುವುದರಿಂದ ಈ ದಿನ. ನಮ್ಮಲ್ಲಿ ಅದು ಕಕ್ಕಡ ಅನ್ನುವ ಮಳೆ ತಿಂಗಳ ಜಡಿಮಳೆ. ಯಾರಿಗಾಗಿ ಆ ದಿನ ಇದೆಯೋ ಅವರಿಗೇ ಅವತ್ತು ಚರ್ಚಿಗೆ ಬರಲಾಗುವುದಿಲ್ಲ. ಪೂಜೆ ಮುಗಿಸಿ ಸನ್ಮಾನ, ಶಾಲು, ಭಾಷಣ ಇಟ್ಟುಕೊಳ್ಳುವ ಬದಲು ಎಲ್ಲರೂ ಕೊಡೆ ಹಿಡಿದು ಅವರ ಮನೆಗಳಿಗೆ ಹೋದರೆ ಎಷ್ಟು ಚೆನ್ನಾಗಿರುತ್ತದೆ.

ಅವರು ಆಸ್ತಿ, ದುಡ್ಡಿನ ವಿಷಯ ಎತ್ತಿದರೆ?

ಕೇಳಿಸಿಕೊಳ್ಳಿ, ಕೈ ಹಾಕಬೇಡಿ. ಕಾಗದಕ್ಕೆ ಸಾಕ್ಷಿ ಸಹಿ ಹಾಕಬೇಡಿ. ಎಟಿಎಂ ಕಾರ್ಡು, ಪಿನ್ ನಂಬರು, ಬೀರು ಕೀಲಿ ಇಟ್ಟುಕೊಳ್ಳಬೇಡಿ. ಸಾಲ ಕೊಡಬೇಡಿ, ತೆಗೆದುಕೊಳ್ಳಬೇಡಿ. ತೋಟ ಯಾರಿಗೆ ಬರೆಯಲಿ ಅಂತ ಕೇಳಿದರೆ ವಕೀಲರನ್ನು ಕೇಳಿ ಅನ್ನಿ. ಚರ್ಚಿಗೆ ಬರೆಯುತ್ತೇನೆ ಅಂದರೂ ಅವರ ಮನೆಯವರಿಗೆ ತಿಳಿಯದ ಹಾಗೆ ಒಂದು ಹೆಜ್ಜೆಯೂ ಮುಂದೆ ಹೋಗಬಾರದು.

ಸಹಾಯ ಮಾಡಬಹುದಾದ ಕೆಲಸಗಳೂ ಇವೆ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿಸಬಹುದು. ನಿವೃತ್ತ ನೌಕರರು, ಮಾಜಿ ಸೈನಿಕರು ಪ್ರತಿ ವರ್ಷ ಜೀವಿತ ಪ್ರಮಾಣಪತ್ರ ಕೊಡಬೇಕು, ಹೆಚ್ಚಿನವರಿಗೆ ಅದು ನವೆಂಬರ್‌ನಲ್ಲಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಅದನ್ನು ಮಾಡಿಕೊಡುವ ವ್ಯವಸ್ಥೆ ಇದೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ.

ಮನೆಯವರೇ ಊಟ ಕೊಡುತ್ತಿಲ್ಲ, ಹೊಡೆಯುತ್ತಾರೆ ಅಂತ ಗೊತ್ತಾದರೆ?

ಸುಮ್ಮನಿರುವ ಹಾಗಿಲ್ಲ. ಮೊದಲು ಹಿರಿಯರನ್ನೇ ಏಕಾಂತದಲ್ಲಿ ಕೇಳಿ, ಏನು ಮಾಡಲಿ ಅಂತ. ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಕರೆಗೆ ದುಡ್ಡಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ 112. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ. ಅದರಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಮಕ್ಕಳಿಂದ ಜೀವನಾಂಶ ಕೇಳಬಹುದು. ನೋಡಿಕೊಳ್ಳುತ್ತೇವೆ ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸುವ ಅವಕಾಶವೂ ಅದರಲ್ಲಿದೆ. ಫಾದರ್‌ಗೋ ಪಾಸ್ಟರ್‌ಗೋ ಹೇಳಿ. ಊರಿಗೆ ಹೇಳಬೇಡಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಫೋಟೋ ತೆಗೆಯಬಹುದಾ?

ಮಕ್ಕಳು ಬರಲಿ, ಆದರೆ ಇಬ್ಬರು ಮೂವರು ಸಾಕು. ಧರ್ಮೋಪದೇಶದ ತರಗತಿಯಲ್ಲಿ ವರ್ಷವಿಡೀ ಕಲಿಯದ್ದನ್ನು ಒಬ್ಬ ಅಜ್ಜನಿಗೆ ಸೂಜಿಗೆ ದಾರ ಪೋಣಿಸಿ ಕೊಡುವಾಗ ಕಲಿಯುತ್ತಾರೆ.

ಫೋಟೋ ಬೇಡ. ಹರಿದ ಚಾಪೆ, ಮಂಚದ ಕೆಳಗಿನ ಬೆಡ್‌ಪ್ಯಾನ್ ವಾಟ್ಸಾಪ್ ಗುಂಪಿನಲ್ಲಿ ಓಡಾಡುವುದು ಯಾರಿಗೂ ಇಷ್ಟವಾಗುವುದಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅನ್ನುವ ಮಾತು ಚರ್ಚಿನ ಗುಂಪಿಗೂ ಅನ್ವಯ. ಹಿರಿಯರೇ ತೆಗೆಯಿರಿ ಅಂದರೆ ತೆಗೆದು, ಪ್ರಿಂಟ್ ಹಾಕಿಸಿ ಅವರಿಗೇ ಕೊಡಿ.

ಕ್ರಿಸ್‌ಮಸ್ ಸಮಯದಲ್ಲಿ ವೃದ್ಧಾಶ್ರಮಕ್ಕೆ ಹೋಗಿ ಹಾಡಿ ಕೇಕು ಕೊಟ್ಟು ಬರುತ್ತೇವೆ. ಅದು ಸಾಲದಾ?

ಒಳ್ಳೆಯದೇ, ನಿಲ್ಲಿಸಬೇಡಿ. ಆದರೆ ಡಿಸೆಂಬರಿನಲ್ಲಿ ಅಲ್ಲಿಗೆ ಎಲ್ಲ ಗುಂಪುಗಳೂ ಬರುತ್ತವೆ, ಜುಲೈನಲ್ಲಿ ಯಾರೂ ಇಲ್ಲ. ಹಾಡಿ ಮುಗಿದ ಮೇಲೆ ಒಬ್ಬರ ಪಕ್ಕ ಕುಳಿತು ಹೆಸರು, ಊರು ಕೇಳಿ. ಜನವರಿಯಲ್ಲಿ ಆ ಒಬ್ಬರನ್ನು ನೋಡಲು ಮತ್ತೆ ಹೋಗಿ.

ಸಂತ ಜೀನ್ ಜುಗಾನ್ 1839ರ ಚಳಿಗಾಲದಲ್ಲಿ ಫ್ರಾನ್ಸಿನಲ್ಲಿ ಕಣ್ಣು ಕಾಣದ, ಕೈಕಾಲು ಬಿದ್ದುಹೋಗಿದ್ದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲೂ ಹಿರಿಯರ ಮನೆ ನಡೆಸುವ ಬಡವರ ಕಿರಿಯ ಸಹೋದರಿಯರ ಸಭೆ ಬೆಳೆದದ್ದು ಅಲ್ಲಿಂದ. ಅವರೂ ಮೊದಲು ನೋಡಿಕೊಂಡದ್ದು ಒಬ್ಬರನ್ನೇ.

ನಾನು ಬೆಂಗಳೂರಿನಲ್ಲಿದ್ದೇನೆ. ಕೊಡಗಿನಲ್ಲಿರುವ ನನ್ನ ತಾಯಿಯನ್ನು ಚರ್ಚಿನವರು ನೋಡಿಕೊಂಡರೆ ಆಗುತ್ತಲ್ವಾ?

ಅವರು ಬರುವುದು ನಿಮ್ಮ ಜಾಗ ತುಂಬುವುದಕ್ಕಲ್ಲ. ಮೊದಲು ಮಕ್ಕಳು, ಮೊಮ್ಮಕ್ಕಳು ತಮ್ಮ ಮನೆಯವರಿಗೆ ಮಾಡಬೇಕಾದದ್ದನ್ನು ಮಾಡಲಿ ಅಂತ 1 ತಿಮೊಥೆಯ 5:4ರಲ್ಲಿ ಪೌಲ ಬರೆದಿದ್ದಾರೆ. ಹಾಗಂತ ಕೆಲಸ ಬಿಟ್ಟು ಬನ್ನಿ ಅಂತ ನಾನು ಹೇಳುತ್ತಿಲ್ಲ, ದೂರದಲ್ಲಿರುವವರ ಸಂಕಟ ನನಗೆ ಗೊತ್ತಿದೆ. ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ಮನೆಗೆ ಹೋಗಿ ಬರುವ ಇಬ್ಬರ ನಂಬರು ನಿಮ್ಮ ಹತ್ತಿರ ಇರಲಿ, ನಿಮ್ಮದು ಅವರ ಹತ್ತಿರ ಇರಲಿ. ಊರಿಗೆ ಬರುವ ತಾರೀಕು ಹೇಳಿದ್ದರೆ ಬಂದುಬಿಡಿ. ತಾಯಿ ಆ ತಾರೀಕನ್ನು ಊರಿಗೆಲ್ಲ ಹೇಳಿರುತ್ತಾರೆ.

ನನಗೂ ಎಪ್ಪತ್ತೆಂಟು. ಏರು ಹತ್ತಿ ಯಾರ ಮನೆಗೂ ಹೋಗಲಾರೆ. ನನ್ನಿಂದ ಏನಾಗುತ್ತದೆ?

ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಬರುವ ಅನ್ನಳು ಮುದುಕಿ, ವಿಧವೆ, ಅವಳ ಬಗ್ಗೆ ಹೇಳುವಾಗ 84 ವರ್ಷದ ಲೆಕ್ಕ ಬರುತ್ತದೆ. ಮಗು ಯೇಸುವನ್ನು ದೇವಾಲಯದಲ್ಲಿ ಕಂಡು, ಕಾಯುತ್ತಿದ್ದವರಿಗೆಲ್ಲ ಆ ಸುದ್ದಿ ಹೇಳಿದವಳು ಅವಳೇ. ನಿಮಗೆ ಫೋನ್ ಇದೆ ಅಲ್ವಾ? ನಿಮ್ಮ ವಯಸ್ಸಿನ ಇಬ್ಬರನ್ನು ಆರಿಸಿಕೊಳ್ಳಿ. ದಿನಾ ಬೆಳಗ್ಗೆ ಎಂಟಕ್ಕೆ ಒಂದು ಕರೆ: ಎದ್ದಿರಾ, ಕಾಫಿ ಆಯ್ತಾ, ಮಾತ್ರೆ ತಗೊಂಡಿರಾ, ರಾತ್ರಿ ಎಷ್ಟು ಸೆಂಟ್ ಬಂತು. ಎರಡು ಸಲ ಕರೆದರೂ ಎತ್ತದಿದ್ದರೆ ಹತ್ತಿರದವರನ್ನು ಕಳಿಸಿ ನೋಡಿಸಿ. ಒಬ್ಬರೇ ಇರುವವರು ಬಚ್ಚಲಲ್ಲಿ ಬಿದ್ದರೆ ಬೇಗ ಗೊತ್ತಾಗಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಚರ್ಚಿನಲ್ಲಿ ಈ ಕೆಲಸ ನಡೆಸುವವರಿಗೆ ನಿಮ್ಮ ಹೆಸರು ಕೊಡಿ, ಯಾರಿಗೆ ಕರೆ ಮಾಡುತ್ತಿದ್ದೀರಿ ಅಂತಲೂ ತಿಳಿಸಿ. ನಿಮ್ಮ ಮನೆಗೂ ಇಬ್ಬರು ಬರಲಿ ಅಂತ ಕೇಳಲು ಹಿಂಜರಿಯಬೇಡಿ.